ಎಡಕ್ಕೆ ಹಾರದ ಸೆರಗು

1955ರ ಆಗಸ್ಟ್. ಪ್ಯಾರಿಸ್ಸಿನ ಸರ್ಕ್ ದಿವೆರ್ ಎಂಬ ಹಳೆಯ ಸರ್ಕಸ್ ಕಟ್ಟಡ. ಕಾಲಿಗೆ ಸರಪಳಿ ಬಿಗಿದ ಆನೆಗಳ ಮುಂದೆ ಕಪ್ಪು ಗೌನು ತೊಟ್ಟ ನೀಳಕಾಯದ ಹೆಣ್ಣೊಬ್ಬಳು ಎರಡೂ ಕಡೆ ಕೈಚಾಚಿ ನಿಂತಿದ್ದಾಳೆ. ಅವಳ ಸೊಂಟದಿಂದ ಅಗಲವಾದ ಬಿಳಿ ಪಟ್ಟಿಯೊಂದು ನೆಲದವರೆಗೆ ಇಳಿದಿದೆ. ರಿಚರ್ಡ್ ಅವೆಡನ್ ‘ಹಾರ್ಪರ್ಸ್ ಬಜಾರ್’ ಪತ್ರಿಕೆಗೆಂದು ತೆಗೆದ ಈ ಚಿತ್ರವನ್ನು ಫ್ಯಾಶನ್ ಪತ್ರಿಕೆಯನ್ನು ಕೈಯಲ್ಲಿ ಹಿಡಿಯದವರೂ ಎಲ್ಲೋ ಒಮ್ಮೆ ನೋಡಿರುತ್ತಾರೆ. ಮಾಡೆಲ್ ಹೆಸರು ಡೊವಿಮಾ. ಡೊರೊಥಿ, ವರ್ಜೀನಿಯಾ, ಮಾರ್ಗರೆಟ್ ಎಂಬ ತನ್ನ ಮೂರು ಹೆಸರುಗಳ ಮೊದಲ ಅಕ್ಷರಗಳನ್ನು ಪೋಣಿಸಿ ಆಕೆ ಮಾಡಿಕೊಂಡದ್ದು. ಗೌನು ಡಿಯೋರ್ ಎಂಬ ಫ್ಯಾಶನ್ ಸಂಸ್ಥೆಯದು. ಅದನ್ನು ರೂಪಿಸಿದವನು ಅಲ್ಲಿ ಆಗಷ್ಟೇ ಸಹಾಯಕನಾಗಿ ಸೇರಿದ್ದ ಹತ್ತೊಂಬತ್ತರ ಹುಡುಗ, ಈವ್ ಸಾಂ ಲೊರಾನ್.

2010ರಲ್ಲಿ ಈ ಚಿತ್ರದ ದೊಡ್ಡ ಪ್ರಿಂಟ್ ಒಂದು ಹರಾಜಿನಲ್ಲಿ 8,41,000 ಯೂರೋಗೆ ಹೋಯಿತು. ಕೊಂಡದ್ದು ಡಿಯೋರ್ ಸಂಸ್ಥೆಯೇ. ತೆಗೆದವರ ಪಾಲಿಗೆ ಮಾತ್ರ ಅದು ಸೋತ ಚಿತ್ರ. ಆ ಬಿಳಿ ಪಟ್ಟಿ ಎಡಕ್ಕೆ ಹಾರಿದ್ದರೆ ಚಿತ್ರದ ರೇಖೆ ಪೂರ್ಣವಾಗುತ್ತಿತ್ತು, ಆವತ್ತು ಅದನ್ನು ಯಾಕೆ ಹಾರಿಸಲಿಲ್ಲವೋ ತನಗೇ ತಿಳಿಯದು ಎಂದು ಅವೆಡನ್ ಎಷ್ಟೋ ವರ್ಷಗಳ ಮೇಲೂ ಹಲುಬುತ್ತಿದ್ದರು.

ಸೀರೆ ಉಡುವ ನಾಡಿನವರಿಗೆ ಈ ಹಲುಬಾಟವನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆಯ ಆಲ್ಬಮ್ಮಿನ ಒಂದೇ ಒಂದು ಫೋಟೋದಲ್ಲಿ ಸೆರಗು ಮುದುಡಿದ್ದರೆ, ಮೂವತ್ತು ವರ್ಷ ಕಳೆದರೂ ಆ ಪುಟ ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಅದೇ. ಸುತ್ತ ಅಷ್ಟು ಜನ ನಿಂತಿದ್ದರಲ್ಲ, ಒಬ್ಬರಾದರೂ ಹೇಳಬಾರದಿತ್ತೇ ಎಂದು ಫೋಟೋದಲ್ಲಿರುವ ಚಿಕ್ಕಮ್ಮ, ದೊಡ್ಡಮ್ಮನವರ ಮೇಲೆಲ್ಲ ಸಿಟ್ಟು ಬರುತ್ತದೆ. ಅವರೇನೂ ಕುರುಡರಾಗಿರಲಿಲ್ಲ. ಒಬ್ಬರು ಹಾರ ನೆಟ್ಟಗಿದೆಯೇ ಎಂದು ನೋಡುತ್ತಿದ್ದರು, ಇನ್ನೊಬ್ಬರು ಬಾಸಿಂಗ ಜಾರುತ್ತಿದೆಯೇ ಎಂದು, ಮತ್ತೊಬ್ಬರು ತಮ್ಮದೇ ಸೀರೆಯ ಜರಿ ಕಾಣುವಂತೆ ನಿಂತಿದ್ದರು. ಸೆರಗು ಯಾರ ಪಾಲಿಗೂ ಬಂದಿರಲಿಲ್ಲ.

ಫ್ಯಾಶನ್ ಶೂಟ್ ಒಂದರ ಮುಂದಾಳತ್ವ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಯಾರ ಪಾಲಿಗೂ ಬಾರದ ಆ ಸೆರಗನ್ನು ನೋಡುವ ಕೆಲಸ.

ಮೊದಲು ಒಂದು ಪದದ ಗೊಂದಲ ಬಗೆಹರಿಸಿಕೊಳ್ಳೋಣ. ದಿನಪತ್ರಿಕೆ ಓದುವ ನಮಗೆ ಎಡಿಟೋರಿಯಲ್ ಎಂದರೆ ಸಂಪಾದಕೀಯ. ಮುಖ್ಯಮಂತ್ರಿಗಳಿಗೆ ಬುದ್ಧಿ ಹೇಳುವ, ಅವರು ಓದದ ಬರಹ. ಫ್ಯಾಶನ್ ಪತ್ರಿಕೆಯವರಿಗೆ ಎಡಿಟೋರಿಯಲ್ ಎಂದರೆ ಎಂಟು ಹತ್ತು ಪುಟಗಳ ಚಿತ್ರಕಥೆ. ಒಂದು ಭಾವ, ಒಂದು ಜಾಗ, ಒಬ್ಬಳೋ ಇಬ್ಬರೋ ಮಾಡೆಲ್‌ಗಳು, ಪುಟಕ್ಕೊಂದು ಉಡುಗೆ. ಅದು ಜಾಹೀರಾತಲ್ಲ. ಬಟ್ಟೆಯನ್ನು ಡಿಸೈನರುಗಳಿಂದ ಎರವಲು ತಂದು, ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅವರ ಹೆಸರು ಹಾಕಿ, ಶೂಟ್ ಮುಗಿದ ಮೇಲೆ ಕಲೆಯಾಗದಂತೆ ವಾಪಸು ಕಳಿಸುತ್ತಾರೆ. ಅದಕ್ಕೇ ಸೆಟ್ಟಿನಲ್ಲಿ ಹೊಸ ಶೂಗಳ ಅಡಿಗೆ ಟೇಪು ಅಂಟಿಸುವ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ. ಸಂಭಾವನೆ ಜಾಹೀರಾತಿಗೆ ಹೋಲಿಸಿದರೆ ಚಿಲ್ಲರೆ. ಆದರೂ ದೊಡ್ಡ ದೊಡ್ಡ ಫೋಟೋಗ್ರಾಫರುಗಳು ಬರುತ್ತಾರೆ, ಇಲ್ಲಿ ಗಳಿಸಿದ ಹೆಸರು ಜಾಹೀರಾತಿನಲ್ಲಿ ಹಣವಾಗಿ ಮರಳುತ್ತದೆ. ಹಾಗೆಂದು ಪೂರಾ ಸ್ವತಂತ್ರ ಲೋಕವೆಂದೂ ನಂಬಬೇಡಿ. ಪತ್ರಿಕೆಗೆ ವರ್ಷವಿಡೀ ಜಾಹೀರಾತು ಕೊಡುವ ಬ್ರ್ಯಾಂಡಿನ ಕೋಟು ಆ ಹತ್ತು ಪುಟಗಳಲ್ಲಿ ಎಲ್ಲೋ ಒಂದೆಡೆ ಕಾಣಿಸಿಕೊಳ್ಳಲೇಬೇಕು. ಕೆಲವು ಫ್ಯಾಶನ್ ಸಂಸ್ಥೆಗಳಂತೂ ತಮ್ಮ ಕೋಟಿನ ಜೊತೆ ಬೇರೆಯವರ ಶೂ ಹಾಕಲೂ ಬಿಡುವುದಿಲ್ಲ. ಕೊಟ್ಟರೆ ಅಡಿಯಿಂದ ಮುಡಿಯವರೆಗೆ, ಇಲ್ಲದಿದ್ದರೆ ಇಲ್ಲ.

ಇಂಥ ಒಂದು ಶೂಟ್‌ನಲ್ಲಿ ಕನಿಷ್ಠ ಎಂಟು ಜನ ಇರುತ್ತಾರೆ. ಫೋಟೋಗ್ರಾಫರ್, ಅವರ ಇಬ್ಬರು ಸಹಾಯಕರು, ಸ್ಟೈಲಿಸ್ಟ್, ಅವಳ ಸಹಾಯಕಿ, ಕೂದಲಿನವರು, ಮೇಕಪ್ಪಿನವರು, ಮಾಡೆಲ್. ಹಣ ಹೆಚ್ಚಿದ್ದರೆ ಸೆಟ್ ಕಟ್ಟುವವರು, ಉಗುರಿನವರು, ಲ್ಯಾಪ್‌ಟಾಪ್ ಹಿಡಿದು ಕೂತು ಬರುತ್ತಿರುವ ಚಿತ್ರಗಳನ್ನು ಕಾಯುವವರು ಸೇರಿಕೊಳ್ಳುತ್ತಾರೆ. ಪ್ರತಿಯೊಬ್ಬರೂ ತಮ್ಮ ಕಸುಬಿನಲ್ಲಿ ನುರಿತವರು. ತೊಡಕು ಇರುವುದೇ ಅಲ್ಲಿ. ಕ್ಯಾಮೆರಾದಿಂದ ಚಿತ್ರವೊಂದು ಲ್ಯಾಪ್‌ಟಾಪಿಗೆ ಬಂದೊಡನೆ ಎಲ್ಲರೂ ಬಗ್ಗಿ ನೋಡುತ್ತಾರಲ್ಲ, ಆಗ ಅವರ ಕಣ್ಣುಗಳನ್ನು ಗಮನಿಸಬೇಕು. ಲಿಪ್‌ಸ್ಟಿಕ್ ಹಚ್ಚಿದವಳು ತುಟಿ ನೋಡುತ್ತಾಳೆ. ಕೂದಲಿನವನು ಹಣೆಯ ಮೇಲೆ ಬಿದ್ದ ಎರಡೆಳೆ ನೋಡುತ್ತಾನೆ. ಲೈಟಿನ ಹುಡುಗ ನೆರಳು ನೋಡುತ್ತಾನೆ. ಮಾಡೆಲ್ ತನ್ನ ಗಲ್ಲ ನೋಡಿಕೊಳ್ಳುತ್ತಾಳೆ. ಚಿತ್ರವನ್ನು ನೋಡುವವರು ಯಾರು?

ಆ ಒಬ್ಬರಿಗೆ ಒಂದೊಂದು ಕಡೆ ಒಂದೊಂದು ಬಿರುದು. ಫ್ಯಾಶನ್ ಎಡಿಟರ್, ಕ್ರಿಯೇಟಿವ್ ಡೈರೆಕ್ಟರ್, ಕೆಲವೊಮ್ಮೆ ಫೋಟೋಗ್ರಾಫರ್ ತಾನೇ. ನನಗೆ ಈ ಸ್ಥಾನ ನೋಡಿದಾಗಲೆಲ್ಲ ಯಕ್ಷಗಾನದ ಭಾಗವತರ ನೆನಪಾಗುತ್ತದೆ. ಬಣ್ಣವಿಲ್ಲ, ಕಿರೀಟವಿಲ್ಲ, ಗೆಜ್ಜೆಯಿಲ್ಲ. ಆದರೆ ಯಾವ ಪದ್ಯ ಎಳೆಯಬೇಕು, ಯಾವ ವೇಷದ ಮಾತು ಅತಿಯಾಯಿತು, ಚೆಂಡೆ ಯಾವಾಗ ಏರಬೇಕು ಎಂಬುದೆಲ್ಲ ಅವರ ಜಾಗಟೆಯಲ್ಲಿದೆ. ಭಾಗವತರನ್ನು ಮೊದಲ ವೇಷ ಎನ್ನುವ ರೂಢಿ ಸುಮ್ಮನೆ ಬಂದದ್ದಲ್ಲ. ಪೂರ್ತಿ ಪ್ರಸಂಗ ತಲೆಯಲ್ಲಿರುವುದು ಅವರೊಬ್ಬರಿಗೇ.

ಸೆರಗು ಹಾರಿದ ಚಿತ್ರವೂ ಒಂದಿದೆ, ಅವೆಡನ್ ಚಿತ್ರಕ್ಕಿಂತ 22 ವರ್ಷ ಹಳೆಯದು. ಅಲ್ಲಿಯವರೆಗೆ ಫ್ಯಾಶನ್ ಚಿತ್ರವೆಂದರೆ ಸ್ಟುಡಿಯೋ. ಬಣ್ಣ ಬಳಿದ ಪರದೆಯ ಮುಂದೆ ಮಾಡೆಲ್ ಗೊಂಬೆಯಂತೆ ನಿಲ್ಲಬೇಕು. 1933ರಲ್ಲಿ ಕಾರ್ಮೆಲ್ ಸ್ನೋ ಎಂಬ ಸಂಪಾದಕಿ ‘ವೋಗ್’ ಬಿಟ್ಟು ‘ಹಾರ್ಪರ್ಸ್ ಬಜಾರ್’ಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಈಜುಡುಗೆಯ ಪುಟಗಳನ್ನು ಹೀಗೆಯೇ ಪರದೆಯ ಮುಂದೆ ತೆಗೆದಾಗಿತ್ತು. ಆಕೆಗೆ ಅದು ರುಚಿಸಲಿಲ್ಲ. ಆ ಹೊತ್ತಿಗೆ ಮಾರ್ಟಿನ್ ಮುಂಕಾಚಿ ಎಂಬ ಹಂಗೇರಿಯ ಫೋಟೋಗ್ರಾಫರ್ ನ್ಯೂಯಾರ್ಕಿಗೆ ಬಂದಿದ್ದರು. ಫ್ಯಾಶನ್‌ಗೂ ಅವರಿಗೂ ನಂಟಿರಲಿಲ್ಲ, ಅವರು ಹೆಸರು ಮಾಡಿದ್ದು ಫುಟ್‌ಬಾಲ್, ಮೋಟಾರ್ ರೇಸುಗಳಂಥ ಓಡುವ ಹಾರುವ ಚಿತ್ರಗಳಿಂದ. ಸ್ನೋ ಈ ಮುಂಕಾಚಿಯನ್ನು ಮಾಡೆಲ್ ಸಮೇತ ಲಾಂಗ್ ಐಲೆಂಡಿನ ಕಡಲತೀರಕ್ಕೆ ಕರೆದೊಯ್ದರು. ನವೆಂಬರಿನ ಮೈ ಕೊರೆಯುವ ಚಳಿ. ಮುಂಕಾಚಿಗೆ ಇಂಗ್ಲಿಷ್ ಬಾರದು. ಕೈ ಬೀಸುತ್ತಾರೆ, ಕುಣಿಯುತ್ತಾರೆ, ಏನೇನೋ ಸನ್ನೆ ಮಾಡುತ್ತಾರೆ, ಯಾರಿಗೂ ಅರ್ಥವಾಗುತ್ತಿಲ್ಲ. ಕೊನೆಗೆ ಹೊಳೆಯಿತು: ಮಾಡೆಲ್ ಓಡಬೇಕಂತೆ! ಲುಸಿಲ್ ಬ್ರೋಕಾ ಎಂಬ ಆ ತರುಣಿ ಕ್ಯಾಮೆರಾದತ್ತ ಓಡಿದಳು. ಹೆಗಲ ಮೇಲಿನ ಕೇಪು ಹಿಂದಕ್ಕೆ ಹಾರಿತು. 1933ರ ಡಿಸೆಂಬರ್ ಸಂಚಿಕೆಯಲ್ಲಿ ಅಚ್ಚಾದ ಆ ಚಿತ್ರದಿಂದಾಚೆಗೆ ಫ್ಯಾಶನ್ ಚಿತ್ರದಲ್ಲಿ ಹೆಂಗಸರು ಓಡತೊಡಗಿದರು, ನೆಗೆಯತೊಡಗಿದರು. ಮುಂಕಾಚಿಯ ಚಿತ್ರವನ್ನು ಹಾಸಿಗೆಯ ಬಳಿ ಅಂಟಿಸಿಕೊಂಡು ಬೆಳೆದ ಹುಡುಗರಲ್ಲಿ ಅವೆಡನ್ ಕೂಡ ಒಬ್ಬರು. ಎಡಕ್ಕೆ ಹಾರದ ಪಟ್ಟಿ ಅವರನ್ನು ಅಷ್ಟು ಕಾಡಿದ್ದಕ್ಕೆ ಇದೂ ಕಾರಣವಿರಬಹುದೇ ಎಂದು ನನಗೊಂದು ಗುಮಾನಿ.

ಚಿತ್ರದ ಕೀರ್ತಿ ಮುಂಕಾಚಿಗೆ ಹೋಯಿತು, ಹೋಗಬೇಕಾದದ್ದೇ. ಆದರೆ ಸ್ನೋ ಮಾಡಿದ್ದನ್ನು ಬಿಡಿಸಿ ನೋಡಿ. ಆಗಿಹೋದ ಕೆಲಸ ಸಾಲದೆಂದು ಬದಿಗಿಟ್ಟರು, ಅಂದರೆ ಹಣ ನೀರಿಗೆ ಹಾಕಿದರು. ಈ ಕಸುಬು ಮಾಡಿ ಗೊತ್ತಿಲ್ಲದವನನ್ನು ಆರಿಸಿದರು, ಅವನ ಕಣ್ಣಿನಲ್ಲಿ ಏನಿದೆ ಎಂದು ಗೊತ್ತಿದ್ದರಿಂದ. ಮಾತು ಅರ್ಥವಾಗದ, ಎಲ್ಲರೂ ನಡುಗುತ್ತಿರುವ ಹೊತ್ತಿನಲ್ಲಿ ‘ಸಾಕು, ಮನೆಗೆ ಹೋಗೋಣ’ ಎನ್ನಲಿಲ್ಲ. ಮುಂದಿನ ವರ್ಷ ಅಲೆಕ್ಸಿ ಬ್ರೊಡೊವಿಚ್ ಎಂಬ ರಷ್ಯನ್ ವಲಸಿಗನ ಪುಟವಿನ್ಯಾಸಗಳನ್ನು ಒಂದು ಪ್ರದರ್ಶನದಲ್ಲಿ ಕಂಡು ಆತನನ್ನೂ ಕರೆತಂದರು. 1958ರವರೆಗೆ ಆ ಪತ್ರಿಕೆಯ ಪುಟಗಳಲ್ಲಿ ಖಾಲಿ ಬಿಳಿಯೂ ಮಾತಾಡುವಂತೆ ಮಾಡಿದವರು ಬ್ರೊಡೊವಿಚ್. ಅವೆಡನ್ ಬಂದದ್ದು ಬ್ರೊಡೊವಿಚ್ ತರಗತಿಯಿಂದಲೇ. ಒಬ್ಬ ಸಂಪಾದಕಿಯ ಕಣ್ಣು ಎಷ್ಟು ದೂರ ನೋಡಿತು ಎಂಬುದು ಇದರಲ್ಲಿದೆ.

ಕಾರ್ಮೆಲ್ ಸ್ನೋ ಕಾಲದ ಮಾತು ಬಿಡಿ, ಇವತ್ತಿನ ಶೂಟ್ ನಡೆಯುವುದು ಹೇಗೆ? ಕ್ಯಾಮೆರಾ ಹೊರಬರುವ ಮುನ್ನ ಮುಕ್ಕಾಲು ಕೆಲಸ ಮುಗಿದಿರಬೇಕು. ಮೊದಲಿಗೆ ಮೂಡ್ ಬೋರ್ಡ್, ಅಂದರೆ ಹಳೆಯ ಚಿತ್ರ, ಸಿನಿಮಾದ ಫ್ರೇಮು, ಬಟ್ಟೆಯ ತುಂಡು, ಬಣ್ಣದ ಚೀಟಿಗಳನ್ನೆಲ್ಲ ಒಂದೆಡೆ ಅಂಟಿಸಿದ ಹಲಗೆ. ಎಂಟು ಜನರ ತಲೆಯೊಳಗಿನ ಎಂಟು ಚಿತ್ರಗಳನ್ನು ಒಂದಾಗಿಸುವ ಉಪಾಯ ಇದು. ‘ಹಳೇ ಮೈಸೂರಿನ ಥರ’ ಎಂದು ಬಾಯಲ್ಲಿ ಹೇಳಿದರೆ ಮೇಕಪ್ಪಿನವಳ ತಲೆಯಲ್ಲಿ ಅರಮನೆ ಬರುತ್ತದೆ, ಸ್ಟೈಲಿಸ್ಟ್ ತಲೆಯಲ್ಲಿ ಮಲ್ಲಿಗೆ ಬರುತ್ತದೆ, ಫೋಟೋಗ್ರಾಫರ್ ತಲೆಯಲ್ಲಿ ಹಳೆಯ ಹೋಟೆಲಿನ ಕನ್ನಡಿ ಬರುತ್ತದೆ. ಹಲಗೆಯಲ್ಲಿ ಏನೇನು ಹಾಕಿದೆ ಎಂಬುದಕ್ಕಿಂತ ಏನನ್ನು ಕಿತ್ತು ಎಸೆದರು ಎಂಬುದರಲ್ಲಿ ಮುಂದಾಳುವಿನ ಅಳತೆ ಸಿಗುತ್ತದೆ. ನಲವತ್ತು ಚಿತ್ರಗಳಿರುವ ಮೂಡ್ ಬೋರ್ಡ್ ಎಂದರೆ ಇನ್ನೂ ಯಾರೂ ಏನನ್ನೂ ತೀರ್ಮಾನಿಸಿಲ್ಲ ಎಂದರ್ಥ.

ಅದಾದ ಮೇಲೆ ಕಾಲ್ ಶೀಟ್, ಯಾರು ಎಷ್ಟು ಗಂಟೆಗೆ ಎಲ್ಲಿ ಎಂಬ ಪಟ್ಟಿ. ನೋಡಲು ಬಸ್ಸಿನ ವೇಳಾಪಟ್ಟಿಯಂತಿರುತ್ತದೆ, ಆದರೆ ದಿನದ ಜಾಣತನವೆಲ್ಲ ಅದರಲ್ಲೇ. ಕೂದಲು ಮೇಕಪ್ಪಿಗೆ ಎರಡು ಗಂಟೆ ಬೇಕು. ಸರಳವಾದ ಕೂದಲಿನಿಂದ ಶುರು ಮಾಡಿ ಕಷ್ಟದ್ದಕ್ಕೆ ಹೋಗಬೇಕು, ಎಣ್ಣೆ ಹಚ್ಚಿ ಬಾಚಿದ ತಲೆಯನ್ನು ಮತ್ತೆ ಹೂವಿನಂತೆ ಹರಡುವುದಾಗದು. ಬಿಸಿಲು ಯಾರ ಮಾತೂ ಕೇಳುವುದಿಲ್ಲ, ಹಾಗಾಗಿ ಸೂರ್ಯನಿಗೆ ಬೇಕಾದ ಚಿತ್ರಗಳನ್ನು ಮೊದಲೇ ಗುರುತು ಹಾಕಿಡಬೇಕು. ನಮ್ಮ ಕರಾವಳಿಯಲ್ಲಿ ಶೂಟ್ ಮಾಡಿದವರಿಗೆ ಇದು ಗೊತ್ತು. ಬೆಳಗ್ಗೆ ಬೆಳಕು ಬರುವುದು ಘಟ್ಟದ ಕಡೆಯಿಂದ, ಬಹಳ ತಡವಾಗಿ. ಕಡಲಿಗೆ ಮುಖ ಮಾಡಿ ನಿಂತವಳ ಮೇಲೆ ಬಂಗಾರ ಸುರಿಯುವುದು ಸಂಜೆ, ಅದೂ ನಲವತ್ತು ನಿಮಿಷ ಮಾತ್ರ. ಚಿತ್ರ ತೆಗೆಯುವಾಗಲೇ ಪತ್ರಿಕೆಯ ನಡುಮಡಿಕೆಯನ್ನೂ ನೆನಪಿಡಬೇಕು. ಎರಡು ಪುಟಕ್ಕೆ ಹರಡುವ ಚಿತ್ರದಲ್ಲಿ ಮುಖ ಸರಿಯಾಗಿ ನಡುವೆ ಬಂದರೆ ಮೂಗು ಹೊಲಿಗೆಯೊಳಗೆ ಹೋಗುತ್ತದೆ. ಶೀರ್ಷಿಕೆಗೆ ಜಾಗ ಬಿಡದೆ ತೆಗೆದ ಮೊದಲ ಚಿತ್ರದ ಮೇಲೆ ಅಕ್ಷರಗಳು ಹಣೆಯ ವಿಭೂತಿಯಂತೆ ಕೂರುತ್ತವೆ.

ಇಷ್ಟೆಲ್ಲ ಮಾಡಿದರೂ ಏನಾದರೊಂದು ಮರೆತೇ ಮರೆಯುತ್ತದೆ. ಒಮ್ಮೆ ಮರೆತವಳು ನಾನೇ. ಆಗ ಪತ್ರಿಕೆಯೊಂದರಲ್ಲಿ ಸ್ಟೈಲಿಸ್ಟ್ ಸಹಾಯಕಿಯಾಗಿದ್ದೆ. ಗೋಕರ್ಣದ ಹತ್ತಿರದ ಕಡಲತೀರದಲ್ಲಿ ಶೂಟ್. ಸಂಜೆಯ ಕೊನೆಯ ಉಡುಗೆ ಹಾಲುಬಣ್ಣದ ತೆಳು ಆರ್ಗಾಂಜಾ ಸೀರೆ, ಇಡೀ ಕಥೆಯ ಮುಖ್ಯ ಚಿತ್ರ ಅದು. ಮೂರೂವರೆಗೆ ಸ್ಟೀಮರ್ ಹಿಡಿದು ಸೀರೆಯ ಸುಕ್ಕು ತೆಗೆಯುತ್ತಿದ್ದಾಗ ಎದೆ ಧಸಕ್ಕೆಂದಿತು. ಅದರ ಲಂಗ ತಂದಿರಲಿಲ್ಲ. ಸೂಟ್‌ಕೇಸಿನಲ್ಲಿದ್ದ ಒಂದೇ ಲಂಗ ಇನ್ನೊಂದು ಸೀರೆಯದು, ಕಡುಗಪ್ಪು. ಆರ್ಗಾಂಜಾ ಕೆಳಗೆ ಕಪ್ಪು ಲಂಗ ಎಂದರೆ ಹಾಲಿನ ಲೋಟದಲ್ಲಿ ಇದ್ದಿಲು.

ನಮ್ಮ ಶೂಟ್‌ನ ಮುಂದಾಳು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ನಾನು ಹೋಗಿ ಹೇಳಿದಾಗ ಐದು ಸೆಕೆಂಡು ನನ್ನ ಮುಖ ನೋಡಿದರು. ಆಮೇಲೆ ಫೋಟೋಗ್ರಾಫರ್ ಕಡೆ ತಿರುಗಿ, “ಕುತ್ತಿಗೆಯ ಸರದ ಕ್ಲೋಸಪ್ ಈಗಲೇ ತೆಗೆದುಬಿಡೋಣ, ಬೆಳಕು ಮೆತ್ತಗಿದೆ” ಎಂದರು. ನಾಳೆ ಬೆಳಗ್ಗೆಗೆಂದು ಇಟ್ಟಿದ್ದ ಚಿತ್ರ ಅದು. ಯಾರಿಗೂ ಅನುಮಾನ ಬರಲಿಲ್ಲ. ನನ್ನ ಹತ್ತಿರ ಬಂದು ಪಿಸುಗುಟ್ಟಿದರು: “ರಥಬೀದಿಗೆ ಹೋಗು. ದೇವಸ್ಥಾನಕ್ಕೆ ಬರೋರಿಗೆ ಪಂಚೆ ಮಾರ್ತಾರೆ. ಬಿಳೀದು ಎರಡು ತಗೊಂಡು ಬಾ. ಅಂಚು ಸಣ್ಣಕ್ಕಿರಲಿ.” ನಲವತ್ತೈದು ನಿಮಿಷದಲ್ಲಿ ಪಂಚೆ ಬಂತು. ಹಸಿರು ಅಂಚನ್ನು ಒಳಗೆ ಮಡಚಿ, ಹಿಂದೆ ಬುಲ್‌ಡಾಗ್ ಕ್ಲಿಪ್ಪುಗಳಿಂದ ಬಿಗಿದು ಲಂಗ ಮಾಡಿದೆವು. ಫ್ಯಾಶನ್ ಚಿತ್ರಗಳಲ್ಲಿ ಅಂಗಾಂಗಕ್ಕೆ ಅಚ್ಚು ಹೊಯ್ದಂತೆ ಕೂತಿರುವ ಬಟ್ಟೆಗಳ ಬೆನ್ನ ಹಿಂದೆ ಹೀಗೇ ಕ್ಲಿಪ್ಪುಗಳ ಸಾಲೇ ಇರುತ್ತದೆ, ಮುಂದಿನಿಂದ ನೋಡುವವರಿಗೆ ತಿಳಿಯುವುದಿಲ್ಲ. ಆರು ಗಂಟೆಯ ಬೆಳಕಿಗೆ ಚಿತ್ರ ಸಿಕ್ಕಿತು.

ರಾತ್ರಿ ಜೀಪಿನಲ್ಲಿ ಬೈದರು. ಚೆನ್ನಾಗಿಯೇ ಬೈದರು. ಸೆಟ್ಟಿನಲ್ಲಿ ಯಾಕೆ ಬೈಯಲಿಲ್ಲ ಎಂದು ಎಷ್ಟೋ ದಿನದ ಮೇಲೆ ಕೇಳಿದೆ. ಸೆಟ್ಟಿನಲ್ಲಿ ಯಾರಿಗೆ ಬೈದರೂ ಅದು ಮಾಡೆಲ್‌ನ ಹೆಗಲಿಗೆ ಹೋಗುತ್ತದೆ, ಹೆಗಲು ಬಿಗಿಯಾದದ್ದು ಕ್ಯಾಮೆರಾಕ್ಕೆ ಕಂಡುಬಿಡುತ್ತದೆ ಎಂದರು. ಸಿಟ್ಟನ್ನು ನುಂಗುವುದಕ್ಕೆ ಒಳ್ಳೆಯತನದ ಕಾರಣ ಕೊಡಲಿಲ್ಲ, ಕಸುಬಿನ ಕಾರಣ ಕೊಟ್ಟರು. ಅದಕ್ಕೇ ನನಗೆ ನೆನಪಿದೆ.

ಮುಂದಾಳು ಸೆಟ್ಟಿನಲ್ಲಿ ಇರಲೇಬೇಕೇ? ಇದಕ್ಕೆ ಎರಡು ಪಂಥ. 1966ರಲ್ಲಿ ಅಮೆರಿಕದ ‘ವೋಗ್’ ಸಂಪಾದಕಿ ಡಯಾನಾ ವ್ರೀಲೆಂಡ್, ಅವೆಡನ್ ಮತ್ತು ಜರ್ಮನಿಯ ಮಾಡೆಲ್ ವೆರುಶ್ಕಾರನ್ನು ಸ್ಟೈಲಿಸ್ಟ್ ಪಾಲಿ ಮೆಲನ್ ಜೊತೆ ಪೆಟ್ಟಿಗೆಗಟ್ಟಲೆ ತುಪ್ಪಳದ ಉಡುಗೆಗಳೊಂದಿಗೆ ಜಪಾನಿನ ಹಿಮಕ್ಕೆ ಕಳಿಸಿದರು. ಐದು ವಾರದ ಪಯಣ. ವ್ರೀಲೆಂಡ್ ನ್ಯೂಯಾರ್ಕಿನಲ್ಲೇ ಉಳಿದರು. ಅವರು ಕಟ್ಟಿಕೊಟ್ಟದ್ದು ಒಂದು ಕನಸನ್ನು, ಉಳಿದದ್ದನ್ನು ಹೋದವರಿಗೆ ಬಿಟ್ಟರು. ಹೋದವರು ಯಾರೆಂದು ನೋಡಿದರೆ ಆ ಧೈರ್ಯಕ್ಕೆ ಕಾರಣ ತಿಳಿಯುತ್ತದೆ.

ಇನ್ನೊಂದು ಪಂಥದವರು ಗ್ರೇಸ್ ಕಾಡಿಂಗ್ಟನ್. ವೇಲ್ಸಿನ ಆಂಗಲ್ಸಿ ದ್ವೀಪದಲ್ಲಿ 1941ರಲ್ಲಿ ಹುಟ್ಟಿ, ಲಂಡನ್ನಿಗೆ ಬಂದು ಮಾಡೆಲ್ ಆಗಿ, ಕಾರು ಅಪಘಾತದಲ್ಲಿ ಕಣ್ಣಿನ ರೆಪ್ಪೆಗೆ ಪೆಟ್ಟು ತಿಂದು, 1968ರಲ್ಲಿ ಬ್ರಿಟಿಷ್ ‘ವೋಗ್’ ಸೇರಿದವರು. 1988ರಿಂದ ಅಮೆರಿಕದ ‘ವೋಗ್’ನಲ್ಲಿ ಕಾಲು ಶತಮಾನಕ್ಕೂ ಮಿಕ್ಕಿ ಇದ್ದರು. ಇವರು ಪ್ರತಿ ಶೂಟ್‌ಗೂ ತಾವೇ ಹೋಗುತ್ತಿದ್ದರು, ಮಾಡೆಲ್‌ಗೆ ತಾವೇ ಬಟ್ಟೆ ತೊಡಿಸುತ್ತಿದ್ದರು. ಕಾರಿನಲ್ಲಿ ಹೋಗುವಾಗ ನಿದ್ದೆ ಮಾಡಬೇಡ, ಕಿಟಕಿಯಾಚೆ ಕಂಡದ್ದು ಮುಂದೆ ಯಾವುದಾದರೂ ಚಿತ್ರಕ್ಕೆ ಬೇಕಾಗುತ್ತದೆ ಎಂಬ ಪಾಠವನ್ನು ಅವರಿಗೆ ಹೇಳಿಕೊಟ್ಟವರು ಫೋಟೋಗ್ರಾಫರ್ ನಾರ್ಮನ್ ಪಾರ್ಕಿನ್ಸನ್. 1956ರಲ್ಲಿ ಭಾರತಕ್ಕೆ ಬಂದು ಜೈಪುರದ ಅರಮನೆಯ ಮುಂದೆ ಗುಲಾಬಿ ಕೋಟಿನ ಮಾಡೆಲ್ ಅನ್ನು ಆನೆಯ ಪಕ್ಕ ನಿಲ್ಲಿಸಿ ಚಿತ್ರ ತೆಗೆದವರು ಅವರೇ. ಫ್ಯಾಶನ್ ಫೋಟೋಗ್ರಾಫರುಗಳಿಗೆ ಆನೆಯ ಮೇಲೆ ಎಂಥದೋ ಮೋಹ. ದಸರೆಯ ಆನೆಗಳ ಪಕ್ಕ ಹತ್ತು ನಿಮಿಷ ನಿಂತು ನೋಡಿದ ಮೈಸೂರಿನವರನ್ನು ಕೇಳಿದ್ದರೆ, ಕಿವಿ, ಬಾಲ, ಸೊಂಡಿಲಲ್ಲಿ ಒಂದಾದರೂ ಅಲ್ಲಾಡುತ್ತಲೇ ಇರುತ್ತದೆ ಎಂದು ಹೇಳುತ್ತಿದ್ದರು.

ಕಾಡಿಂಗ್ಟನ್ ಅವರ ಒಂದು ಕೆಲಸವನ್ನು ನಾನು ಮತ್ತೆ ಮತ್ತೆ ತೆರೆದು ನೋಡುತ್ತೇನೆ. ಅಮೆರಿಕದ ‘ವೋಗ್’ನ 2003ರ ಡಿಸೆಂಬರ್ ಸಂಚಿಕೆಯ ‘ಆಲಿಸ್ ಇನ್ ವಂಡರ್‌ಲ್ಯಾಂಡ್’. ಫೋಟೋಗ್ರಾಫರ್ ಆ್ಯನಿ ಲೈಬೊವಿಟ್ಸ್, ಆಲಿಸ್ ಆಗಿ ನತಾಲಿಯಾ ವೊಡಿಯಾನೋವಾ. ಉಳಿದ ಪಾತ್ರಗಳಲ್ಲಿ ನಿಂತವರು ಡಿಸೈನರುಗಳೇ. ಜಾನ್ ಗಲಿಯಾನೊ ರಾಣಿ, ಮಾರ್ಕ್ ಜೇಕಬ್ಸ್ ಕಂಬಳಿಹುಳ, ಜಾಂ ಪಾಲ್ ಗೋತಿಯೆ ನಗುವ ಬೆಕ್ಕು. ಇಂಥ ಮಹಾಮಹಿಮರನ್ನು ಒಂದೇ ಕಥೆಯೊಳಗೆ ಕೂಡಿಸುವುದು ಎಂದರೆ ಯಕ್ಷಗಾನದ ಏಳು ಮೇಳಗಳ ಎರಡನೇ ವೇಷಗಳನ್ನು, ಅಂದರೆ ನಾಯಕವೇಷಗಳನ್ನು, ಒಂದೇ ರಂಗಸ್ಥಳಕ್ಕೆ ಇಳಿಸಿದಂತೆ. ಪ್ರತಿಯೊಬ್ಬರೂ ತಮ್ಮ ಉಡುಗೆಯೇ ಎದ್ದು ಕಾಣಬೇಕೆನ್ನುವವರು. ಕಾಡಿಂಗ್ಟನ್ ಹೂಡಿದ ಉಪಾಯ ಬಹಳ ಸಣ್ಣದು. ಆಲಿಸ್‌ಗೆ ನಿಮಗಿಷ್ಟ ಬಂದ ಉಡುಗೆ ಹೊಲಿದುಕೊಡಿ, ಆದರೆ ಅದು ನೀಲಿಯಾಗಿರಲಿ ಎಂದರು. ಅಷ್ಟೇ. ತೋಳು, ನೆರಿಗೆ, ಉದ್ದ, ಕತ್ತಿನ ಆಕಾರ ಎಲ್ಲ ಅವರವರ ಹುಚ್ಚಿಗೆ ಬಿಟ್ಟದ್ದು. ಪುಟ ತಿರುಗಿಸುವಾಗ ಉಡುಗೆ ಬದಲಾಗುತ್ತದೆ, ಹುಡುಗಿ ಬದಲಾಗುವುದಿಲ್ಲ. ಹತ್ತು ಸೂಚನೆ ಕೊಟ್ಟಿದ್ದರೆ ಜಗಳವಾಗುತ್ತಿತ್ತು. ಏನೂ ಹೇಳದಿದ್ದರೆ ಅದೊಂದು ಬಟ್ಟೆಯಂಗಡಿಯ ಕಿಟಕಿಯಾಗುತ್ತಿತ್ತು.

ಇಲ್ಲಿಯವರೆಗೆ ಸೆರಗು ಹಾರಿದ, ಹಾರದ ಮಾತಾಯಿತು. ಎಲ್ಲರ ಪಾಲಿನದೂ ಸರಿಯಿದ್ದು ಒಟ್ಟು ಚಿತ್ರವೇ ತಪ್ಪಾದರೆ? ಅದೂ ನಮ್ಮ ದೇಶದಲ್ಲೇ ನಡೆದಿದೆ. ‘ವೋಗ್ ಇಂಡಿಯಾ’ ಶುರುವಾದದ್ದು 2007ರಲ್ಲಿ. ಮರುವರ್ಷದ ಆಗಸ್ಟ್ ಸಂಚಿಕೆಯಲ್ಲಿ ಹದಿನಾರು ಪುಟಗಳ ಒಂದು ಚಿತ್ರಕಥೆ ಬಂತು. ಅದರಲ್ಲಿ ವೃತ್ತಿಪರ ಮಾಡೆಲ್‌ಗಳಿಲ್ಲ, ಹಳ್ಳಿಯ ಬಡಜನ. ಹಲ್ಲು ಬಿದ್ದ ಅಜ್ಜಿಯ ತೋಳಿನಲ್ಲಿರುವ ಮಗುವಿನ ಕೊರಳಿಗೆ ಫೆಂಡಿ ಕಂಪನಿಯ ಜೊಲ್ಲುಬಟ್ಟೆ, ಬೆಲೆ ಸುಮಾರು 100 ಡಾಲರ್. ಬರಿಗಾಲಿನ ಮುದುಕನ ಕೈಯಲ್ಲಿ ಬರ್ಬರಿ ಕೊಡೆ, ಸುಮಾರು 200 ಡಾಲರ್. ಬೈಕಿನ ಹಿಂದೆ ಕೂತ ತಾಯಿಯ ಕೈಯಲ್ಲಿ ಎರ್ಮೆಸ್ ಬರ್ಕಿನ್ ಬ್ಯಾಗ್, ಅದರ ಬೆಲೆ 10,000 ಡಾಲರಿಗೂ ಹೆಚ್ಚು. ಬೆಳಕು ಸುಂದರ, ಮುಖಗಳು ಸುಂದರ, ಬಣ್ಣಗಳ ಜೋಡಣೆ ಸುಂದರ. ಪುಟದ ಮೂಲೆಯ ಸಣ್ಣಕ್ಷರದಲ್ಲಿ ಬ್ರ್ಯಾಂಡುಗಳ ಹೆಸರಿತ್ತು, ಅವನ್ನು ತೊಟ್ಟವರ ಹೆಸರಿರಲಿಲ್ಲ. ದೇಶದೊಳಗೂ ಹೊರಗೂ ಟೀಕೆಗಳು ಬಂದವು. ಫ್ಯಾಶನ್ ಶ್ರೀಮಂತರ ಗುತ್ತಿಗೆಯಲ್ಲ, ಯಾರು ಬೇಕಾದರೂ ತೊಟ್ಟು ಚೆಂದ ಕಾಣಬಹುದು ಎಂದು ಪತ್ರಿಕೆ ಸಮರ್ಥಿಸಿಕೊಂಡಿತು.

ಆ ಸಮರ್ಥನೆ ನನಗೆ ಒಪ್ಪಿತವಲ್ಲ, ಆದರೆ ಅದರಲ್ಲಿ ಕೆಟ್ಟ ಉದ್ದೇಶವಿತ್ತು ಎಂದೂ ಹೇಳಲಾರೆ. ನನ್ನನ್ನು ಕಾಡುವುದು ಬೇರೆ. ಅಂಥ ಶೂಟ್‌ನಲ್ಲಿ ಜೊಲ್ಲುಬಟ್ಟೆ ನೆಟ್ಟಗೆ ಕಟ್ಟಿದೆಯೇ ಎಂದು ನೋಡಲು ಒಬ್ಬರಿರುತ್ತಾರೆ. ಅಜ್ಜಿಯ ಮುಖದ ಮೇಲೆ ಬೆಳಕು ಬಿದ್ದಿದೆಯೇ ಎಂದು ನೋಡಲು ಇನ್ನೊಬ್ಬರು. ಕೊಡೆಯ ಬ್ರ್ಯಾಂಡಿನ ಗುರುತು ಕಾಣುತ್ತಿದೆಯೇ ಎಂದು ಮತ್ತೊಬ್ಬರು. ಹತ್ತು ಹೆಜ್ಜೆ ಹಿಂದೆ ಸರಿದು, ಈ ಅಜ್ಜಿ ಇಲ್ಲಿ ಮಾಡೆಲ್ಲೋ ಹಿನ್ನೆಲೆಯೋ ಎಂದು ಕೇಳಬೇಕಾದವರ ಬಾಯಿಂದ ಆ ಪ್ರಶ್ನೆ ಬರಬೇಕಿತ್ತು. ಮಾಡೆಲ್ ಎಂದಾದರೆ ಅವಳಿಗೂ ಒಂದು ಹೆಸರು ಬೇಕಲ್ಲವೇ, ಕೊಡೆಗೆ ಇದ್ದಷ್ಟಾದರೂ? ಹದಿನಾರು ಪುಟ ಶೂಟ್ ಮಾಡಿ, ಆಯ್ದು, ಜೋಡಿಸಿ, ಅಚ್ಚಿಗೆ ಕಳಿಸುವವರೆಗೆ ಆ ಪ್ರಶ್ನೆ ಯಾರ ಪಾಲಿಗೂ ಬರಲಿಲ್ಲ.

ಮಾಡೆಲ್‌ಗಳ ಮಾತು ಬಂತು ಎಂದು ಇನ್ನೊಂದನ್ನು ಹೇಳಿಬಿಡಬೇಕು. ಎಂಟು ಜನರಲ್ಲಿ ಎಲ್ಲರಿಗಿಂತ ಚಿಕ್ಕವಳು ಸಾಮಾನ್ಯವಾಗಿ ಆಕೆಯೇ. ಎಲ್ಲರಿಗಿಂತ ಕಡಿಮೆ ಮಾತಾಡುವವಳೂ ಆಕೆಯೇ. ದಶಕಗಳ ಕಾಲ ಸೆಟ್ಟಿನಲ್ಲಿ ಏನು ನಡೆದರೂ ‘ಕಲೆ’ ಎಂದು ಮುಚ್ಚಿಹೋಗುತ್ತಿತ್ತು. ಮೀ ಟೂ ಅಲೆಯ ನಂತರ, 2018ರ ಜನವರಿಯಲ್ಲಿ, ‘ವೋಗ್’ ಪ್ರಕಟಿಸುವ ಕಾಂಡೆ ನಾಸ್ಟ್ ಸಂಸ್ಥೆ ನಿಯಮಗಳನ್ನು ಬರೆದಿಟ್ಟಿತು. ಮಾಡೆಲ್‌ಗೆ 18 ತುಂಬಿರಬೇಕು, ಸೆಟ್ಟಿನಲ್ಲಿ ಮದ್ಯ ಇರಕೂಡದು, ಮೈ ಕಾಣುವ ಉಡುಗೆ ಅಥವಾ ಭಂಗಿಗೆ ಮೊದಲೇ ಒಪ್ಪಿಗೆ ಪಡೆದಿರಬೇಕು. ಬೇರೆ ಯಾವುದೇ ಕೆಲಸದ ಜಾಗದಲ್ಲಿ ಬರೆದು ಹೇಳುವ ಅಗತ್ಯವೇ ಇರದ ಸಂಗತಿಗಳು ಇವು. ಇಲ್ಲಿ ಬರೆಯಬೇಕಾಗಿ ಬಂತು. ನನ್ನ ಹಳೆಯ ಮುಂದಾಳು ಇಂಥ ನಿಯಮ ಬರುವುದಕ್ಕೆ ಬಹಳ ಮೊದಲೇ, ಮಾಡೆಲ್ ಬಟ್ಟೆ ಬದಲಿಸುವ ಗುಡಾರದ ಬಾಗಿಲಿಗೆ ತಾವೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕೈಯಲ್ಲಿ ಯಾವುದಾದರೂ ಕಾದಂಬರಿ. ಅದರ ಪುಟ ತಿರುವಿದ್ದನ್ನು ನಾನು ನೋಡಿಲ್ಲ.

ಶೂಟ್ ಮುಗಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಸಾವಿರ ಚಿತ್ರ ಬಂದಿರುತ್ತವೆ, ಹತ್ತು ಉಳಿಯಬೇಕು. ಕಡಲತೀರದ ಚಳಿಯಲ್ಲಿ ನಾಲ್ಕು ಗಂಟೆ ನಿಂತು ಪಡೆದ ಚಿತ್ರ ಎಂಬ ಕಾರಣಕ್ಕೆ ಅದರ ಮೇಲೆ ಮಮತೆ ಹುಟ್ಟಿರುತ್ತದೆ. ಓದುಗರಿಗೆ ಚಳಿ ಕಾಣುವುದಿಲ್ಲ, ಚಿತ್ರ ಮಾತ್ರ ಕಾಣುತ್ತದೆ. ಈ ಹಂತದಲ್ಲಿ ಮುಂದಾಳುವಿನ ಮೇಲೂ ಒಬ್ಬರು ಮುಂದಾಳು ಕೂತಿರುತ್ತಾರೆ. ಆರ್. ಜೆ. ಕಟ್ಲರ್ ನಿರ್ದೇಶನದ ‘ದಿ ಸೆಪ್ಟೆಂಬರ್ ಇಶ್ಯೂ’ ಎಂಬ ಸಾಕ್ಷ್ಯಚಿತ್ರದಲ್ಲಿ ಇದನ್ನು ಕಣ್ಣಾರೆ ನೋಡಬಹುದು. 2009ರಲ್ಲಿ ತೆರೆಕಂಡ ಈ ಚಿತ್ರ ಅಮೆರಿಕದ ‘ವೋಗ್’ನ 2007ರ ಸೆಪ್ಟೆಂಬರ್ ಸಂಚಿಕೆ ತಯಾರಾದ ಕಥೆ. ಕಾಡಿಂಗ್ಟನ್ ಪ್ರಾಣ ಕೊಟ್ಟು ಮಾಡಿಸಿದ ಪುಟಗಳನ್ನು ಸಂಪಾದಕಿ ಆ್ಯನಾ ವಿಂಟೂರ್ ಒಂದೊಂದಾಗಿ ಕಿತ್ತುಹಾಕುತ್ತಾರೆ. ವಿವರಣೆ ಇಲ್ಲ, ಮರುಮಾತಿಗೆ ಜಾಗವಿಲ್ಲ. ಕಾಡಿಂಗ್ಟನ್ ಕಾರಿಡಾರಿನಲ್ಲಿ ನಿಂತು ಗೊಣಗುತ್ತಾರೆ, ಕಣ್ಣು ಕೆಂಪಾಗುತ್ತದೆ, ಮತ್ತೆ ಹೋಗಿ ಮುಂದಿನ ಶೂಟ್‌ನ ಉಡುಗೆ ಜೋಡಿಸುತ್ತಾರೆ. ಇಬ್ಬರಲ್ಲಿ ಯಾರ ಕಡೆ ನಿಲ್ಲಬೇಕೆಂದು ಚಿತ್ರ ನೋಡುವಾಗ ನನಗೆ ಪ್ರತಿ ಸಲವೂ ಒಂದೊಂದು ಥರ ಅನ್ನಿಸಿದೆ. ಒಬ್ಬರಿಗೆ ಒಂದು ಕಥೆ ಮುಖ್ಯ, ಇನ್ನೊಬ್ಬರಿಗೆ 840 ಪುಟಗಳ ಸಂಚಿಕೆ ಮುಖ್ಯ. ಇಬ್ಬರೂ ಒಟ್ಟು ಚಿತ್ರವನ್ನೇ ನೋಡುತ್ತಿದ್ದಾರೆ, ಚೌಕಟ್ಟಿನ ಅಳತೆ ಮಾತ್ರ ಬೇರೆ.

ಸಂಚಿಕೆ ಅಚ್ಚಿಗೆ ಹೋಗಲು ಕೆಲವೇ ದಿನ ಉಳಿದಾಗ ಒಂದು ಕಥೆಯನ್ನು ಮತ್ತೆ ಶೂಟ್ ಮಾಡಬೇಕಾಗುತ್ತದೆ. ಫೋಟೋಗ್ರಾಫರ್ ಪ್ಯಾಟ್ರಿಕ್ ಡೆಮಾರ್ಶೆಲಿಯೆ. ಸ್ಟುಡಿಯೋದಲ್ಲಿ ಬಣ್ಣಬಣ್ಣದ ಉಡುಗೆಯ ಮಾಡೆಲ್ ನೆಗೆಯುತ್ತಿದ್ದಾಳೆ. ಏನೋ ಒಂದು ಸಾಲದು ಎನ್ನಿಸುತ್ತದೆ. ಕಾಡಿಂಗ್ಟನ್ ತಿರುಗಿ ನೋಡಿದಾಗ ತಮ್ಮನ್ನು ಇಷ್ಟು ದಿನ ಹಿಂಬಾಲಿಸುತ್ತಿದ್ದ ಸಾಕ್ಷ್ಯಚಿತ್ರದ ಕ್ಯಾಮೆರಾಮನ್ ಕಾಣುತ್ತಾರೆ. ಬಾ, ನೀನೂ ಚಿತ್ರದೊಳಗೆ ಬಾ ಎಂದು ಕರೆಯುತ್ತಾರೆ. ಕ್ಯಾಮೆರಾ ಹೆಗಲಿಗೇರಿಸಿಕೊಂಡೇ ಆತ ಮಾಡೆಲ್ ಎದುರು ನೆಗೆಯುತ್ತಾರೆ. ಕಪ್ಪು ಅಂಗಿಯ ಕೆಳಗೆ, ನಮ್ಮ ನಿಮ್ಮಂತೆಯೇ, ಒಂದಿಷ್ಟು ಹೊಟ್ಟೆ. ಚಿತ್ರ ವಿಂಟೂರ್ ಮೇಜಿಗೆ ಹೋಗುತ್ತದೆ. ಅವರಿಗೆ ಇಷ್ಟವಾಗುತ್ತದೆ. ಆದರೆ ಆ ಹೊಟ್ಟೆಯನ್ನು ಕಂಪ್ಯೂಟರಿನಲ್ಲಿ ಕೊಂಚ ಕರಗಿಸಿ ಎನ್ನುವ ಮಾತು ಬರುತ್ತದೆ.

ಸುದ್ದಿ ತಿಳಿದ ಕಾಡಿಂಗ್ಟನ್ ಫೋನ್ ಎತ್ತಿಕೊಳ್ಳುತ್ತಾರೆ. ಎಲ್ಲರೂ ಮಾಡೆಲ್‌ಗಳಷ್ಟು ತೆಳ್ಳಗಿರಬೇಕಿಲ್ಲ, ಅವನ ಹೊಟ್ಟೆ ಮುಟ್ಟಬೇಡಿ ಎಂದು ಹೇಳುತ್ತಾರೆ. ಆ ಸಂಚಿಕೆ ಸಿಕ್ಕರೆ ತೆರೆದು ನೋಡಿ. ಹೊಟ್ಟೆ ಇದೆ.